ಎಡಗಡೆ ಕೂತ ತಮ್ಮ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಪೆರೀನಾ ತನ್ನ ಗಂಡನ ತೋಳು ಹಿಡಿದು ಎಳೆದುಕೊಂಡೇ ನಮ್ಮ ಆಸ್ಪತ್ರೆಯ ಒಳಗೆ ಬಂದಳು. ಆಸ್ಪತ್ರೆ ಅಂದರೆ ಎರಡು ಕೋಣೆ, ಒಂದು ಜಗಲಿ. ಇಡೀ ದ್ವೀಪಕ್ಕೆ ಇರುವುದು ಅಷ್ಟೇ. ಅವಳ ಗಂಡ ಫಾಬಿಯಾನ್ ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು. ಅರವತ್ತು ದಾಟಿದ್ದರೂ ಬಲೆ ಎಳೆಯಲು ನಿಂತರೆ ಪ್ರಾಯದವರು ಸುಸ್ತಾಗಬೇಕು. ಆವತ್ತು ಮಾತ್ರ ಕೈತಪ್ಪಿಹೋದ ಮಗುವಿನ ಹಾಗೆ ಕಣ್ಣು ಕಣ್ಣು ಬಿಡುತ್ತಿದ್ದ.

"ಲೂಚೆ, ಇವನ್ನ ಸ್ವಲ್ಪ ನೋಡೇ," ಎಂದಳು ಪೆರೀನಾ. "ಮೊನ್ನೆ ಲಂಗರಿನ ಹಗ್ಗ ಸಿಕ್ಕೊಂಡಿದೆ, ಬಿಡಿಸ್ತೀನಿ ಅಂತ ನೀರಿಗೆ ಮುಳುಗಿದ. ಮೇಲೆ ಬಂದಾಗಿಂದ ಕಲ್ಲು ಕಿವುಡ. ಕಿರುಚಿ ಕಿರುಚಿ ನನ್ನ ಗಂಟಲು ಹರಿದುಹೋಯ್ತು."

"ಏನಂತೆ ಇವಳದು?" ಎಂದು ಫಾಬಿಯಾನ್ ನನ್ನ ಬಾಯಿಯನ್ನೇ ನೋಡಿದ.

"ನಿನ್ನ ಹೊಗಳ್ತಿದಾಳೆ!" ಎಂದು ಕೂಗಿದೆ.

"ಹಾಗಾದ್ರೆ ನಾನು ಕಿವುಡಾಗಿರೋದು ನಿಜ."

ನಾನು ಇಲ್ಲಿ ನರ್ಸ್ ಆಗಿ ಬಹಳ ಕಾಲವಾಯಿತು. ಡಾಕ್ಟರುಗಳು ಬರುತ್ತಾರೆ, ಒಂದೆರಡು ಚಳಿಗಾಲ ತಡೆಯುತ್ತಾರೆ, ಹೋಗುತ್ತಾರೆ. ಆಗ ಇದ್ದವರು ನೆವೆಂಕಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು, ರಾಜಧಾನಿ ಜಾಗ್ರೆಬ್ ಕಡೆಯವರು. ಅವರು ಫಾಬಿಯಾನನ ಎರಡೂ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಬಲಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ಸಮುದ್ರದ ನೀರು ಕುಡಿದು ಉಬ್ಬಿ ದಾರಿ ಮುಚ್ಚಿತ್ತು. ನಾನು ಬೆಚ್ಚಗಿನ ನೀರು ಹಾಯಿಸಿದೆ. ಹುರುಳಿ ಕಾಳಿನಷ್ಟು ದಪ್ಪದ ಕಂದು ಗಂಟು ಬೋಗುಣಿಗೆ ಬಿತ್ತು. ಫಾಬಿಯಾನನ ಮುಖ ಅರಳಿತು.

"ಅಬ್ಬಾ! ಮಾಡಿನ ಮೇಲೆ ಕಡಲಹಕ್ಕಿ ಜಗಳಾಡ್ತಿವೆ," ಎಂದು ನಕ್ಕು ಟೊಪ್ಪಿಗೆಗೆ ಕೈ ಹಾಕಿದ. "ಬರ್ತೀನಿ ಡಾಕ್ಟ್ರೇ. ಪುಣ್ಯ ಕಟ್ಕೊಂಡ್ರಿ. ಸಾಯಂಕಾಲ ಮೀನು ಕಳಿಸ್ತೀನಿ."

"ಕೂತ್ಕೊಳ್ಳಿ ಬಾರ್ಬಾ," ಎಂದರು ಡಾಕ್ಟರು. ನಮ್ಮಲ್ಲಿ ವಯಸ್ಸಾದ ಗಂಡಸರನ್ನು ಕರೆಯುವುದು ಹಾಗೆ, ಚಿಕ್ಕಪ್ಪ ಅಂದ ಹಾಗೆ. ಡಾಕ್ಟರು ಬಂದು ಎರಡೇ ವರ್ಷದಲ್ಲಿ ಅದನ್ನು ಕಲಿತಿದ್ದರು. "ಒಂದು ವಿಷಯ ನಂಗೆ ಅರ್ಥ ಆಗ್ಲಿಲ್ಲ. ಮುಚ್ಚಿಕೊಂಡಿದ್ದು ಬಲಗಿವಿ ಒಂದೇ. ಎಡಗಿವಿ ಖಾಲಿ, ಕ್ಲೀನಾಗಿದೆ. ಇಷ್ಟು ಹೊತ್ತು ಆ ಎಡಗಿವಿ ಏನ್ ಮಾಡ್ತಿತ್ತು?"

ಫಾಬಿಯಾನ್ ಅವರನ್ನೇ ನೋಡಿದ. "ಅಂದ್ರೆ?"

"ಒಂದು ಕಿವಿ ಮುಚ್ಚಿದ್ರೆ ಇನ್ನೊಂದ್ರಲ್ಲಿ ಕೇಳಿಸ್ಬೇಕಲ್ಲ."

"ನನ್ನ ಕಿವಿಗೇನಾಗಿದೆ? ಮಂಜು ಮುಸುಕಿದಾಗ ಹಡಗಿನ ಇಂಜಿನ್ ಸದ್ದು ಕೇಳಿ, ಎಷ್ಟು ದೂರದಲ್ಲಿದೆ ಅಂತ ಹೇಳ್ತೀನಿ ನಾನು."

"ಯಾವ ದಿಕ್ಕಲ್ಲಿದೆ ಅಂತ ಹೇಳ್ತೀರಾ?"

ಪೆರೀನಾ ಅವನ ಪರವಾಗಿ ಉತ್ತರ ಕೊಟ್ಟಳು. "ದಿಕ್ಕು ನಾನು ಹೇಳ್ಬೇಕು ಡಾಕ್ಟ್ರೇ. ಬೀದೀಲಿ ಯಾರಾದ್ರೂ ಕರೆದ್ರೆ ಸಾಕು, ಕೋಳಿ ಹಾಗೆ ಸುತ್ತ ತಿರುಗ್ತಾನೆ. ಅದು ಮದುವೆ ಆದಾಗಿಂದ ಹಾಗೇ."

ಡಾಕ್ಟರು ಕಪಾಟಿನಿಂದ ಬಡಿದರೆ ಗುಂಯ್‌ಗುಡುವ, ಎರಡು ಹಲ್ಲಿನ ಒಂದು ಉಕ್ಕಿನ ಕವೆ ತೆಗೆದು, ಮೊಣಕಾಲಿಗೆ ಬಡಿದು, ಅದರ ಬುಡವನ್ನು ಫಾಬಿಯಾನನ ಹಣೆಯ ನಟ್ಟನಡುವೆ ಊರಿದರು. ಎರಡೂ ಕಿವಿ ಸರಿಯಿದ್ದರೆ ಆ ಗುಂಯ್‌ಗುಟ್ಟುವಿಕೆ ತಲೆಯ ಮಧ್ಯದಲ್ಲಿ ಕೇಳಬೇಕು. "ಎಲ್ಲಿ ಕೇಳ್ತಿದೆ?" ಎಂದು ಕೇಳಿದರು. ಅವನು ಬಲಗಡೆಗೆ ಬೆರಳು ಮಾಡಿದ. ಆಮೇಲೆ ಬಲಗಿವಿಗೆ ಬೇರೇನೂ ಕೇಳದಿರಲೆಂದು ನಾನು ಅದನ್ನು ಒತ್ತಿ ಉಜ್ಜುತ್ತ ನಿಂತೆ. ಡಾಕ್ಟರು ಅವನ ಬೆನ್ನ ಹಿಂದೆ ನಿಂತು ಎಡಗಿವಿಯ ಹತ್ತಿರ ಮೆಲ್ಲಗೆ ಒಂದೊಂದೇ ಸಂಖ್ಯೆ ಹೇಳಿದರು. ಕೇಳಿದ್ದನ್ನು ತಿರುಗಿ ಹೇಳಬೇಕಾದವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಸುಮ್ಮನೆ ಕೂತಿದ್ದ.

"ಸ್ಪ್ಲಿಟ್‌ಗೆ ಹೋಗಿ, ಅಲ್ಲಿನ ದೊಡ್ಡ ಆಸ್ಪತ್ರೇಲಿ ಸರಿಯಾಗಿ ಪರೀಕ್ಷೆ ಮಾಡಿಸ್ಕೊಂಡು ಬನ್ನಿ," ಎಂದರು ಡಾಕ್ಟರು.

ಪೆರೀನಾಗೆ ದೊಡ್ಡ ಆಸ್ಪತ್ರೆಯ ಹೆಸರು ಕೇಳಿದರೆ ಕೈಕಾಲು ಆಡುವುದಿಲ್ಲ. ಜೊತೆಗೆ ಬಾ ಎಂದು ನನ್ನನ್ನು ಕಾಡಿದಳು. ಹಾಗೆ ಮುಂದಿನ ವಾರ ಮೂವರೂ ಹಡಗು ಹತ್ತಿದೆವು. ದಾರಿಯಲ್ಲಿ ಫಾಬಿಯಾನ್ ಎಂದಿನಂತೆ ಬೆಂಚಿನ ಎಡತುದಿ ಹಿಡಿದು ಕೂತ. ಊಟದ ಮೇಜಿರಲಿ, ಹೆಂಡದಂಗಡಿಯಿರಲಿ, ಅವನು ಯಾವಾಗಲೂ ಎಡತುದಿಯಲ್ಲೇ. ಎಲ್ಲರೂ ಬಲಗಡೆ ಇರಬೇಕು. ಅದು ಅವನ ಗತ್ತು ಅಂತ ಊರೇ ತಿಳಿದಿತ್ತು.

ಆ ಗತ್ತಿನ ಬಗ್ಗೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಫಾಬಿಯಾನನಿಗೆ ಯೆರ್ಕೊ ಎಂಬ ತಮ್ಮನಿದ್ದ. ಶಾಲೆಯಲ್ಲಿ ನನ್ನ ತರಗತಿ. ಮೂಗಿನ ತುದಿಯಲ್ಲೇ ಸಿಟ್ಟು, ಅಷ್ಟೇ ಬೇಗ ಅಳು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಅಪ್ಪನ ಮರದ ದೋಣಿಯಲ್ಲಿ ಒಟ್ಟಿಗೆ ಭೂತಾಯಿ ಮೀನು ಹಿಡಿಯುತ್ತಿದ್ದರು. ದೋಣಿಯ ಮೇಲೆ ಯೆರ್ಕೊ ಕೂಗಿದ ಮಾತಿಗೆ ಫಾಬಿಯಾನ್ ಒಂದೊಂದು ಸಲ ತಟ್ಟನೆ ಉತ್ತರ ಕೊಡುತ್ತಿದ್ದ, ಒಂದೊಂದು ಸಲ ತಲೆಯನ್ನೂ ತಿರುಗಿಸುತ್ತಿರಲಿಲ್ಲ. "ಮಹಾರಾಜರಿಗೆ ಮನಸ್ಸು ಬಂದಾಗ ಮಾತ್ರ ಕೇಳ್ಸುತ್ತೆ," ಎಂದು ಯೆರ್ಕೊ ಎಲ್ಲರೆದುರು ಆಡಿಕೊಳ್ಳುತ್ತಿದ್ದ. ಅವರಪ್ಪನೂ ಇದೇ ಕಾರಣಕ್ಕೆ ಫಾಬಿಯಾನನಿಗೆ ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದನಂತೆ. ಕಿವಿ ಕೇಳಿಸಲ್ವೇನೋ ಅಂತ ಬೈದೇ ಹೊಡೆಯುತ್ತಿದ್ದ. ಆ ಪ್ರಶ್ನೆಯನ್ನು ನಿಜವಾಗಿ ಯಾರೂ ಕೇಳಲಿಲ್ಲ.

ಜಗಳ ಆದದ್ದು ದೋಣಿಗಾಗಿ. ಮೀನು ಕಡಿಮೆಯಾಗಿತ್ತು, ಬೇಸಿಗೆಯಲ್ಲಿ ಪ್ರವಾಸಿಗಳು ಹೆಚ್ಚಾಗಿದ್ದರು. ದೋಣಿಗೆ ಬೆಂಚು ಹಾಕಿ, ಮೇಲೆ ಬಟ್ಟೆ ಕಟ್ಟಿ, ಜನರನ್ನು ಗುಹೆ ತೋರಿಸಲು ಕರೆದೊಯ್ಯೋಣ ಎಂದ ಯೆರ್ಕೊ. ಅಪ್ಪನ ದೋಣಿಯಲ್ಲಿ ಚಡ್ಡಿ ಹಾಕಿದವರನ್ನು ಕೂರಿಸಲ್ಲ ಎಂದ ಫಾಬಿಯಾನ್. ಮಾತು ಬೆಳೆಯಿತು. ಒಂದು ದಿನ ದೋಣಿ ಕಟ್ಟೆಯ ಮೇಲೆ ಅರ್ಧ ಊರು ನಿಂತಿರುವಾಗ ಯೆರ್ಕೊ ಅಪ್ಪ ಕೈಯಾರೆ ಹೆಣೆದ ಬಲೆಗಳನ್ನು ದೋಣಿಯಿಂದ ಎತ್ತಿ ಕಲ್ಲಿನ ಮೇಲೆ ಎಸೆದ. "ತಗೋ, ತಬ್ಬಿಕೊಂಡು ಮಲಕ್ಕೋ ಇದನ್ನ!" ಎಂದ.

ಫಾಬಿಯಾನ್ ಬಲೆ ಮಡಚುತ್ತ ಇಷ್ಟೇ ಹೇಳಿದ: "ತಪ್ಪಾಯ್ತು ಅಂತ ನಿನ್ನ ಬಾಯಲ್ಲಿ ಬರೋವರೆಗೂ ನಾನು ನಿನ್ನ ಅಣ್ಣ ಅಲ್ಲ."

ಆ ಚಳಿಗಾಲ ಅವರಮ್ಮ ತೀರಿಹೋದ ದಿನದ ವರ್ಷದ ಪೂಜೆ ಇಗರ್ಜಿಯಲ್ಲಿ ನಡೆಯಿತು. ಫಾಬಿಯಾನ್ ಮುಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ, ಪೆರೀನಾಗೆ ಜ್ವರ ಬಂದಿತ್ತು. ಪೂಜೆ ಅರ್ಧವಾದಾಗ ಯೆರ್ಕೊ ಬಂದ. ಎಲ್ಲರೂ ನೋಡಿದೆವು. ಅಣ್ಣನನ್ನು ಬಳಸಿ ಹೋಗಿ ಅವನ ಎಡಗಡೆ, ಗೋಡೆ ಮತ್ತು ಅಣ್ಣನ ನಡುವಿನ ಇಕ್ಕಟ್ಟಿನಲ್ಲಿ ಮೊಣಕಾಲೂರಿದ. ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದ, ಹಿಂದಿದ್ದ ನಮಗೆ ಪಾದ್ರಿಯ ದನಿ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಫಾಬಿಯಾನನ ಕತ್ತು ಕಂಬದ ಹಾಗೆ ನೆಟ್ಟಗಿತ್ತು. ಪ್ರಸಾದ ಹಂಚುವ ಮೊದಲೇ ಯೆರ್ಕೊ ಎದ್ದು, ಕೆಂಪಾದ ಮುಖ ಹೊತ್ತು, ಯಾರನ್ನೂ ನೋಡದೆ ಹೊರಟುಹೋದ. ಅಲ್ಲಿಂದ ಅವರಿಬ್ಬರೂ ಮಾತಾಡಲಿಲ್ಲ. ಯೆರ್ಕೊ ಬೇರೆ ದೋಣಿ ಕೊಂಡ. ಅವನ ಹೆಂಡತಿ ದೊಬ್ರಿಲಾ, ಪೆರೀನಾ ಇಬ್ಬರೂ ಬೀದಿಯಲ್ಲಿ ಎದುರಾದರೆ ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಕೆಳಗೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಹೀಗೆ ವರ್ಷಗಳು ಹೋದವು. ಕೊನೆಗೆ ಯೆರ್ಕೊಗೆ ಶ್ವಾಸಕೋಶದ ಕಾಯಿಲೆ ಬಂತು. ಒಂದು ಚಳಿಗಾಲ ಹಾಸಿಗೆ ಹಿಡಿದ, ವಸಂತ ಬರುವಷ್ಟರಲ್ಲಿ ಹೋದ. ಶವ ಎತ್ತುವ ದಿನ ದೊಬ್ರಿಲಾ ಪಾದ್ರಿಯ ಕೈಯಲ್ಲಿ ಹೇಳಿ ಕಳಿಸಿದಳು: ಅವನ ಮಾತಿಗೆ ಕಿವಿ ಮುಚ್ಚಿಕೊಂಡವನು ಅವನ ಪೆಟ್ಟಿಗೆ ಮುಟ್ಟಬಾರದು. ಫಾಬಿಯಾನ್ ಸ್ಮಶಾನದ ಗೋಡೆಯ ಹೊರಗೆ, ಟೊಪ್ಪಿಗೆ ಕೈಯಲ್ಲಿ ಹಿಡಿದು, ಮಣ್ಣು ಬಿದ್ದು ಮುಗಿಯುವವರೆಗೂ ನಿಂತಿದ್ದ.

ಅದಾಗಿ ಮೂರು ವರ್ಷಕ್ಕೆ ನಾವು ಸ್ಪ್ಲಿಟ್‌ಗೆ ಹೋದದ್ದು.

ಅಲ್ಲಿ ಪರೀಕ್ಷೆ ಮಾಡಿದಾಕೆ ದಪ್ಪ ಕನ್ನಡಕದ, ನಗುಮೊಗದ ಹೆಂಗಸು. ಗೋಡೆಗಳಿಗೆ ಸ್ಪಂಜು ಹೊದಿಸಿದ ಒಂದು ಗೂಡಿನಂಥ ಕೋಣೆಯೊಳಗೆ ಫಾಬಿಯಾನನನ್ನು ಕೂರಿಸಿ, ಎರಡೂ ಕಿವಿಗೆ ಹೆಡ್‌ಫೋನ್ ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟಳು. "ಎಷ್ಟೇ ಸಣ್ಣ ಸದ್ದು ಕೇಳ್ಸಿದ್ರೂ ಒತ್ತಿ. ಅನುಮಾನ ಬಂದ್ರೂ ಒತ್ತಿ," ಎಂದು ದಪ್ಪ ಬಾಗಿಲು ಹಾಕಿದಳು. ನಾನು ನರ್ಸ್ ಎಂದು ತಿಳಿದು ತನ್ನ ಪಕ್ಕದಲ್ಲೇ ಕುರ್ಚಿ ಕೊಟ್ಟಳು. ನಡುವೆ ಗಾಜಿನ ಕಿಟಕಿ.

ಮೊದಲು ಬಲಗಿವಿ. ಆಕೆ ಇಲ್ಲಿ ಒಂದು ಸದ್ದು ಬಿಟ್ಟರೆ ಅವನು ಅಲ್ಲಿ ಗುಂಡಿ ಒತ್ತುತ್ತಿದ್ದ, ಒತ್ತಿದಾಗ ಇಲ್ಲೊಂದು ದೀಪ ಹತ್ತುತ್ತಿತ್ತು. ಕೀರಲು ಸದ್ದುಗಳು ಒಂದಿಷ್ಟು ತಪ್ಪಿದವು. "ವಯಸ್ಸಾಯ್ತು, ಇಂಜಿನ್ ಪಕ್ಕ ದುಡಿದಿದ್ದಾರೆ. ಪರವಾಗಿಲ್ಲ, ಒಳ್ಳೆ ಕಿವಿ," ಎಂದಳು.

ಆಮೇಲೆ ಎಡಗಿವಿ. ಸದ್ದು ಬಿಟ್ಟಳು. ದೀಪ ಹತ್ತಲಿಲ್ಲ. ಹೆಚ್ಚಿಸಿದಳು. ಇಲ್ಲ. ಇನ್ನೂ ಹೆಚ್ಚಿಸಿದಾಗ ಮಿಣಕ್ಕನೆ ಹತ್ತಿತು. ನನಗೆ ಸಮಾಧಾನವಾಯಿತು. ಆಕೆ ತಲೆಯಾಡಿಸಿದಳು. "ಇದು ಎಡಗಿವಿ ಕೇಳಿದ್ದಲ್ಲ. ಸದ್ದು ಜೋರಾದ್ರೆ ತಲೆಬುರುಡೆ ದಾಟಿ ಬಲಗಿವಿಗೆ ಹೋಗಿಬಿಡುತ್ತೆ. ಒಳ್ಳೆ ಕಿವಿ ಪಕ್ಕದವನ ಕೆಲಸವನ್ನೂ ತಾನೇ ಮಾಡ್ತಿದೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ." ಬಲಗಿವಿಗೆ ಬೇರೆ ಕೆಲಸ ಹಚ್ಚಬೇಕು ಎಂದು ಅದರೊಳಕ್ಕೆ ಗಾಳಿ ಬೀಸಿದಂಥ ಒಂದು ಭೋರ್ಗರೆತ ಬಿಟ್ಟಳು. ಮತ್ತೆ ಎಡಗಿವಿಗೆ ಮೊದಲಿನಿಂದ ಶುರು ಮಾಡಿದಳು. ಮೆಲ್ಲಗೆ, ಜೋರಾಗಿ, ಇನ್ನೂ ಜೋರಾಗಿ.

ಗಾಜಿನಾಚೆ ಫಾಬಿಯಾನ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ, ಗಮನವಿಟ್ಟು ಕಾಯುತ್ತಿದ್ದ. ಮೊದಲ ಸಲ ಶಾಲೆಗೆ ಬಂದವನಷ್ಟು ವಿಧೇಯ. ಆಕೆ ಕೊನೆಯ ಗುರುತಿನವರೆಗೂ ತಿರುಗಿಸಿ ಕೈ ತೆಗೆದಳು. ಅವನಿನ್ನೂ ಕಾಯುತ್ತಲೇ ಇದ್ದ.

ಬಾಗಿಲು ತೆಗೆದಾಗ ಕೇಳಿದ: "ಎಡಗಡೆದು ಶುರು ಮಾಡ್ಲೇ ಇಲ್ವಲ್ಲಮ್ಮಾ ನೀನು?"

ಅಲ್ಲಿನ ದೊಡ್ಡ ಡಾಕ್ಟರು ಕೇಳಿದ್ದು ಒಂದೇ ವಿಷಯ. ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತೇ? ಬಂದಿತ್ತು. ಏಳೆಂಟು ವರ್ಷದವನಿದ್ದಾಗ ಎಡಗೆನ್ನೆ ಊದಿ, ಅಮ್ಮ ಬಿಸಿ ಎಣ್ಣೆ ಹಚ್ಚಿ ಉಣ್ಣೆಯ ಬಟ್ಟೆ ಕಟ್ಟಿದ್ದು ಫಾಬಿಯಾನನಿಗೆ ನೆನಪಿತ್ತು. "ಅದೇ ತಿಂದಿದೆ ಒಳಗಿನ ನರಾನ," ಎಂದರು ಡಾಕ್ಟರು. "ಮಕ್ಕಳಿಗೆ ಒಂದು ಕಿವಿ ಹೋದ್ರೆ ಅವರಿಗೇ ಗೊತ್ತಾಗಲ್ಲ, ಎಲ್ಲರಿಗೂ ಹೀಗೇ ಅಂದ್ಕೊಂಡು ಬೆಳೀತಾರೆ. ಆಗಲೇ ಯಾರಾದ್ರೂ ಒಂದೊಂದೇ ಕಿವಿ ಮುಚ್ಚಿ ನೋಡಿದ್ರೆ ಸಾಕಿತ್ತು. ಕಿವಿ ಉಳೀತಿರಲಿಲ್ಲ, ಆದ್ರೆ ಸುತ್ತಲಿನವರಿಗೆ ತಿಳೀತಿತ್ತು." ಎಡಗಡೆಯ ಸದ್ದು ಹಿಡಿದು ಬಲಗಿವಿಗೆ ದಾಟಿಸುವ ಯಂತ್ರವೊಂದಿದೆ, ಹಾಕಿಕೊಳ್ಳಬಹುದು ಎಂದರು. ಫಾಬಿಯಾನ್ ಯೋಚಿಸುತ್ತೇನೆ ಎಂದ.

ಸಂಜೆಯ ಹಡಗಿಗೆ ಹೊತ್ತಿತ್ತು. ಬಂದರಿನ ಎದುರು ತಾಳೆಮರದ ಕೆಳಗೆ ಕೂತೆವು. ಪೆರೀನಾ ಕಾಗದದಲ್ಲಿ ಸುತ್ತಿ ತಂದಿದ್ದ ಗಿಣ್ಣು ರೊಟ್ಟಿ ಹಂಚಿದಳು. ತಾನು ಮಾತ್ರ ತಿನ್ನಲಿಲ್ಲ.

"ಮಂಚದಲ್ಲಿ ನಾನು ಯಾವ ಕಡೆ ಮಲಗ್ತೀನಿ?" ಎಂದಳು ಇದ್ದಕ್ಕಿದ್ದಂತೆ.

"ಕಿಟಕಿ ಕಡೆ. ನನ್ನ ಎಡಕ್ಕೆ," ಎಂದ ಫಾಬಿಯಾನ್.

"ದೀಪ ಆರಿಸಿದ್ಮೇಲೇ ಕಣೋ ನಾನು ಮಾತಾಡ್ತಿದ್ದಿದ್ದು. ಹಗಲೆಲ್ಲ ನಿಂಗೆ ಪುರುಸೊತ್ತೆಲ್ಲಿ? ಮಗು ಹೊಟ್ಟೇಲೇ ಹೋಯ್ತಲ್ಲ, ಆವಾಗ ಇಡೀ ಚಳಿಗಾಲ ಮಾತಾಡಿದೀನಿ. ನೀನು ಏನೂ ಅಂತಿರ್ಲಿಲ್ಲ. ಪಾಪ, ಇವನಿಗೂ ಸಂಕಟ, ಸುಮ್ನೆ ಕೇಳಿಸ್ಕೊಂತಿದಾನೆ ಅಂದ್ಕೊಂಡಿದ್ದೆ."

"ಏನ್ ಹೇಳ್ತಿದ್ದೆ ಪೆರೀ?"

"ಅದೆಲ್ಲ ಈಗ ಎಲ್ಲಿ ನೆನಪಿರುತ್ತೆ, ಹೋಗು," ಎಂದು ಅವಳು ರೊಟ್ಟಿಯ ಕಾಗದವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚುತ್ತ ಕೂತಳು.

ಫಾಬಿಯಾನ್ ತನ್ನ ಪಾಲಿನ ರೊಟ್ಟಿಯನ್ನು ಪೆರೀನಾ ಮಡಿಲಲ್ಲಿಟ್ಟ. ಹಡಗು ಬಂದರಿಗೆ ತಿರುಗುತ್ತಿರುವಾಗ ನನ್ನ ಕಡೆ ಹೊರಳಿದ. "ಲೂಚೆ, ಅಮ್ಮನ ಪೂಜೆ ದಿನ ನೀನು ನನ್ನ ಹಿಂದಿನ ಸಾಲಲ್ಲಿ ಕೂತಿದ್ದೆ. ಯೆರ್ಕೊ ನನ್ನ ಯಾವ ಪಕ್ಕ ಬಂದ?"

ಅವನಿಗೂ ಗೊತ್ತಿತ್ತು. ಆದರೂ ಕೇಳಿದ.

"ಎಡಗಡೆ," ಎಂದೆ.

"ಅವನು ತುಟಿ ಬಿಚ್ಚಲಿಲ್ಲ ಅಂತ ನಾನು ಇಷ್ಟು ವರ್ಷ..." ಎಂದವನು ಮಾತು ಮುಗಿಸಲಿಲ್ಲ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟು ಹೇಳಿದ: "ಕಿವಿ ಮುಚ್ಚಿಕೊಂಡವನು ಅಂತ ಹೇಳಿ ಕಳಿಸಿದ್ಲಲ್ಲ ದೊಬ್ರಿಲಾ. ನಾನ್ಯಾವಾಗಪ್ಪ ಕಿವಿ ಮುಚ್ಕೊಂಡೆ, ಅವನ್ಯಾವಾಗ ಬಾಯಿ ಬಿಟ್ಟ ಅಂತ ಅವತ್ತು ಗೋಡೆ ಹೊರಗೆ ನಿಂತು ಯೋಚ್ನೆ ಮಾಡಿದ್ದೆ."

ಮಾರನೆಯ ದಿನವೇ ನನ್ನ ಮನೆಗೆ ಬಂದ. ಕ್ಷೌರ ಮಾಡಿಸಿಕೊಂಡು, ಭಾನುವಾರದ ಅಂಗಿ ತೊಟ್ಟಿದ್ದ. "ದೊಬ್ರಿಲಾ ಮನೆಗೆ ನನ್ನ ಜೊತೆ ಬಾ. ಒಬ್ನೇ ಹೋದ್ರೆ ಮುಖಕ್ಕೇ ಬಾಗಿಲು ಹಾಕ್ತಾಳೆ," ಎಂದ.

ದೊಬ್ರಿಲಾ ಅಂಗಳದಲ್ಲಿ ನೀರಿನ ತೊಟ್ಟಿಯ ಪಕ್ಕ ಕೂತು ರಾತ್ರಿಯ ಅಡುಗೆಗೆ ಸೊಪ್ಪು ಸೋಸುತ್ತಿದ್ದಳು. ಗೇಟಿನ ಸದ್ದಿಗೆ ತಲೆ ಎತ್ತಿದಳು. ನನ್ನನ್ನು ಕಂಡು ನಕ್ಕಳು, ನನ್ನ ಹಿಂದೆ ನೋಡಿ ನಗು ನುಂಗಿದಳು.

"ಬಾರೇ ಲೂಚೆ. ಒಬ್ಳೇ ಬಂದ್ಯಾ?"

"ಕಾಣಿಸ್ತಿಲ್ವಾ, ಫಾಬಿಯಾನ್ ಬಂದಿದಾನೆ."

"ನಂಗ್ಯಾರೂ ಕಾಣಿಸ್ತಿಲ್ಲಪ್ಪ. ಇತ್ತೀಚೆಗೆ ಕಣ್ಣು ಮಂಜು."

ನಾನು ನಿಂತೇ ಎಲ್ಲವನ್ನೂ ಹೇಳಿದೆ, ಬಲಗಿವಿ ಮುಚ್ಚಿದ್ದು, ಕವೆ, ಸ್ಪ್ಲಿಟ್‌ನ ಗೂಡು, ಮಂಗನಬಾವು. ಅವಳ ಕೈ ಸೊಪ್ಪಿನ ದಂಟು ಮುರಿಯುತ್ತಲೇ ಇತ್ತು. ಕೊನೆಗೆ ಸಿಟ್ಟಿನಿಂದ ನಕ್ಕಳು.

"ಪುಣ್ಯಾತ್ಮ! ನನ್ನ ಗಂಡ ಮಣ್ಣಾಗಿ ಮೂರು ವರ್ಷಕ್ಕೆ ಇವನಿಗೆ ಕಿವುಡು ಬಂತಾ? ಇಷ್ಟು ದಿನ ಎಲ್ಲಿತ್ತು ಅದು? ಕಟ್ಟೆ ಮೇಲೆ ಯಾರಾದ್ರೂ ಮೀನಿನ ಬೆಲೆ ಪಿಸುಗುಟ್ಟಿದ್ರೂ ಹಾರಿ ಬೀಳ್ತಿದ್ದ! ಈಗ ಮುದಿತನಕ್ಕೆ ಪಾಪ ಕಚ್ತಿದೆ. ಡಾಕ್ಟ್ರು ಹತ್ರ ಹೋಗಿ ನೆಪ ತಂದಿದಾನೆ."

"ನೆಪ ಹೇಳೋಕೆ ಬರ್ಲಿಲ್ಲ ದೊಬ್ರಿಲಾ," ಎಂದ ಫಾಬಿಯಾನ್. ಗೇಟಿನಿಂದ ಒಂದು ಹೆಜ್ಜೆಯೂ ಒಳಗಿಟ್ಟಿರಲಿಲ್ಲ. "ಒಂದೇ ಒಂದು ಕೇಳ್ಬೇಕು. ಆವತ್ತು ಇಗರ್ಜೀಲಿ ಅವನು ಬಾಯಿ ಬಿಟ್ನಾ?"

ಅವಳ ಕೈ ನಿಂತಿತು. ಅವನ ಮುಖ ನೋಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ನೋಡಿದಳು ಅಂತ ಕಾಣುತ್ತದೆ.

"ಬಾಯಿ ಬಿಟ್ನಾ ಅಂತ ಕೇಳ್ತಿದೀಯಾ ನೀನು?"

"ಹೂಂ."

ಅವಳು ಎದ್ದು ಕೈ ಒರೆಸಿಕೊಂಡಳು. "ಬಾ ಇಲ್ಲಿ. ಈ ಕಲ್ಲಿನ ಮೇಲೆ ಕೂತ್ಕೋ. ಕಣ್ಣು ಮುಚ್ಚು. ಲೂಚೆ, ಡಾಕ್ಟ್ರು ಹೇಗೆ ಮಾಡಿದ್ರೋ ಹಾಗೇ ಅವನ ಬಲಗಿವಿ ಮುಚ್ಚು. ನಾನೂ ನೋಡ್ತೀನಿ."

ಅವನು ಕೂತು ಕಣ್ಣು ಮುಚ್ಚಿದ. ನಾನು ಬಲಗಿವಿ ಒತ್ತಿ ಉಜ್ಜತೊಡಗಿದೆ. ದೊಬ್ರಿಲಾ ಅವನ ಎಡಕ್ಕೆ ಬಾಗಿ, ಇಗರ್ಜಿಯಲ್ಲಿ ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ ಒಂದು ಮಾತು ಹೇಳಿದಳು. ಉದ್ದದ ಮಾತು. ಮಧ್ಯದಲ್ಲಿ ಅವಳ ದನಿ ಒಡೆಯಿತು, ಆದರೂ ಬಿಡದೆ ಪೂರ್ತಿ ಹೇಳಿದಳು. ಆಚೆ ಪಕ್ಕದಲ್ಲಿದ್ದ ನನಗೆ ಪ್ರತಿ ಅಕ್ಷರ ಕೇಳಿತು.

ಫಾಬಿಯಾನನ ಮುಖ ಅಲುಗಲಿಲ್ಲ. ಅವಳು ಹೇಳಿ ಮುಗಿಸಿ ಸುಮ್ಮನೆ ನಿಂತ ಮೇಲೆ, ಕಣ್ಣು ಮುಚ್ಚಿಕೊಂಡೇ ಅವನೆಂದ: "ಹೇಳು ದೊಬ್ರಿಲಾ. ನಾನು ತಯಾರಿದೀನಿ."

ದೊಬ್ರಿಲಾ ಸೊಪ್ಪಿನ ಬುಟ್ಟಿಯ ಪಕ್ಕ ಕುಸಿದು ಕೂತಳು. ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯನ್ನೇ ಎತ್ತಿ ಬಾಯಿಗೆ ತುರುಕಿಕೊಂಡಳು. ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ, ನನ್ನನ್ನು ನೋಡಿದ. ಆಗಲೇ ಹೇಳಿಯಾಗಿದೆ ಎಂದು ಅವನಿಗೆ ತಿಳಿಯಿತು.

"ಏನಂದೆ?" ಎಂದ. "ಇನ್ನೊಂದು ಸಲ ಹೇಳು, ನಿನ್ನ ಕಾಲಿಗೆ ಬೀಳ್ತೀನಿ. ಈ ಕಡೆ ಬಂದು ಹೇಳು."

ಅವಳು ಎದ್ದು ಅವನ ಬಲಕ್ಕೆ ಬಂದು ಕೂತಳು. "ಅವನು ಹೇಳಿದ್ದು ಇದು. ದಿನಾ ಸಾಯಂಕಾಲ ನಂಗೆ ಹೇಳಿ ಹೇಳಿ ಬಾಯಿಪಾಠ ಆಗಿದೆ. 'ಫಾಬೆ, ತಪ್ಪು ನಂದು. ಅಪ್ಪನ ಬಲೆ ಎಸೆದ ಕೈ ಇವತ್ತಿಗೂ ನಂಗೆ ಉರೀತಿದೆ. ದೋಣಿ ನೀನೇ ಇಟ್ಕೋ, ನಂಗೆ ಬೇಡ. ನೀನು ಮಾತಾಡ್ಬೇಡ, ಎಲ್ಲರೂ ನೋಡ್ತಿದಾರೆ. ಕ್ಷಮಿಸಿದ್ದೀ ಅಂದ್ರೆ ಒಂದೇ ಒಂದು ಸಲ ನನ್ನ ಕಡೆ ತಿರುಗು ಸಾಕು.'"

ಫಾಬಿಯಾನ್ ಉಸಿರೆಳೆದುಕೊಂಡದ್ದು ಕೇಳಿಸಿತು. ಬಿಟ್ಟದ್ದು ಕೇಳಿಸಲಿಲ್ಲ.

"ನಾನು ಆವತ್ತು ಪೀಠದ ದೀಪ ನೋಡ್ತಿದ್ದೆ," ಎಂದ ಕೊನೆಗೆ. "ಪಕ್ಕದಲ್ಲಿ ಅವನ ಮೈ ಬಿಸಿ ತಾಗ್ತಿತ್ತು. ಅಮ್ಮನ ಮೇಲಾಣೆ ದೊಬ್ರಿಲಾ, ಇವನು ಒಂದು ಮಾತು ಆಡ್ಲಿ, ಒಂದೇ ಮಾತು, ಇಲ್ಲೇ ತಬ್ಕೊಂಡು ಬಿಡ್ತೀನಿ ಅಂತ ಕಾಯ್ತಿದ್ದೆ. ಎದ್ದು ಹೋದ. ಅಮ್ಮನ ಪೂಜೇಲೂ ಬಿಗುಮಾನ ಬಿಡ್ಲಿಲ್ವಲ್ಲ ಅಂತ ನಂಗೆ ಮೈಯೆಲ್ಲ ಉರಿದುಹೋಯ್ತು."

ಬುಟ್ಟಿಯಿಂದ ಬಿದ್ದಿದ್ದ ಒಂದು ದಂಟು ಎತ್ತಿಕೊಂಡು ಅವನೇ ಮತ್ತೆ ಕೇಳಿದ:

"ಕಾಯಿಲೆ ಬಿದ್ದಾಗ ನನ್ನ ಕೇಳಿದ್ನಾ?"

"ಇಲ್ಲ," ಎಂದಳು ದೊಬ್ರಿಲಾ. "ಸುಳ್ಳು ಹೇಳಲ್ಲ ನಿಂಗೆ. ಅಣ್ಣನ್ನ ಕರೆಸ್ಲಾ ಅಂತ ಪಾದ್ರಿ ಕೇಳಿದ್ರು. 'ನಾನು ಹೇಳೋದು ಹೇಳಿಯಾಗಿದೆ, ಅವನು ಕೇಳೋದು ಕೇಳಿಯಾಗಿದೆ' ಅಂದ. ಗೋಡೆ ಕಡೆ ಹೊರಳಿದ."

ಇದನ್ನು ಅವಳು ಹೇಳದಿದ್ದರೂ ಆಗುತ್ತಿತ್ತು ಅಂತ ನನಗೆ ಆ ಕ್ಷಣ ಅನ್ನಿಸಿತು. ಈಗ ಅನ್ನಿಸುವುದಿಲ್ಲ. ಆ ಮನೆಯಲ್ಲಿ ಇನ್ನೊಂದು ಮಾತು ಒಳಗೇ ಉಳಿಯುವುದು ಬೇಡವಾಗಿತ್ತು.

"ಕಿವಿ ಮೇಲೆ ಹೊರಿಸಿ ನಾನು ತಪ್ಪಿಸ್ಕೊಳ್ಳಲ್ಲ," ಎಂದ ಫಾಬಿಯಾನ್. "ಒಂದು ಕಿವಿ ಚೆನ್ನಾಗೇ ಇತ್ತು. ಆ ಎದ್ದು ಹೋಗೋನ ಹಿಂದೆ ಎರಡು ಹೆಜ್ಜೆ ಹೋಗಿ, 'ಏನಪ್ಪಾ?' ಅಂತ ಕೇಳ್ಬಹುದಿತ್ತಲ್ಲ. ಅದಕ್ಕೆ ಯಾವ ಕಿವಿ ಬೇಕಿತ್ತು?"

"ಅವನೂ ಇನ್ನೊಂದು ಸಲ ಹೇಳಬಹುದಿತ್ತು. ಹೇಳೋ ಅಂದೆ ನಾನು. ಒಂದು ಸಲ ಅಂಗಲಾಚಿದ್ದೇ ಜಾಸ್ತಿ ಅಂದ. ನಾನಾದ್ರೂ ಪೆರೀನಾ ಹತ್ರ ಬಂದು ಜಗಳ ಮಾಡಿದ್ರೂ ಆಗ್ತಿತ್ತು, ಜಗಳದಲ್ಲಾದ್ರೂ ಮಾತು ಹೊರಗೆ ಬೀಳ್ತಿತ್ತು. ಅವಳ ಮುಖ ಕಂಡ್ರೆ ಸಾಕು, ಮೆಟ್ಟಿಲು ಹತ್ತಿ ನಿಂತುಬಿಡ್ತಿದ್ದೆ." ಅವಳು ಮೂಗು ಒರೆಸಿಕೊಂಡಳು. "ಇನ್ನು ಹೋಗು ಫಾಬೆ. ಇವತ್ತಿಗೆ ಸಾಕು. ನಂಗೆ ನಿನ್ನ ನೋಡೋಕಾಗ್ತಿಲ್ಲ. ಅವನದೇ ಹಣೆ ನಿಂದು."

ಅವನು ಹೋದ. ಮನೆಗೆ ಹೋಗಲಿಲ್ಲ. ದೋಣಿ ಬಿಚ್ಚಿಕೊಂಡು ಕೊಲ್ಲಿಯ ಆಚೆ ಹೋಗಿ ಕತ್ತಲಾಗುವವರೆಗೂ ಅಲ್ಲೇ ಇದ್ದ. ಬಲೆ ಒಯ್ದಿರಲಿಲ್ಲ.

ಸುದ್ದಿ ನಮ್ಮಲ್ಲಿ ಹಡಗಿಗಿಂತ ಮೊದಲು ಊರು ಸುತ್ತುತ್ತದೆ. ಹೆಂಡದಂಗಡಿಯಲ್ಲಿ ಕೆಲವರು ಬೇಕೆಂದೇ ಫಾಬಿಯಾನನ ಎಡಗಡೆ ನಿಂತು, ಸಣ್ಣ ದನಿಯಲ್ಲಿ ಅವನ ವಂಶ ಜಾಲಾಡಿ ನಗುತ್ತಿದ್ದರು. ಅವನೂ ನಗುತ್ತಿದ್ದ, ಕೇಳಿಸದಿದ್ದರೂ. ಆದರೆ ಮುದುಕರು ಕೆಲವರು ಮನೆಯಲ್ಲಿ ಒಂದೊಂದೇ ಕಿವಿ ಮುಚ್ಚಿ ನೋಡಿಕೊಂಡರು. ಡಾಕ್ಟರ್ ನೆವೆಂಕಾ ಸ್ಪ್ಲಿಟ್‌ಗೆ ಫೋನ್ ಮೇಲೆ ಫೋನ್ ಮಾಡಿ, ಕಿವಿ ನೋಡುವ ಯಂತ್ರವೊಂದನ್ನು ಕೆಲವು ದಿನಕ್ಕೆ ತರಿಸಿ, ಶಾಲೆಯ ಮಕ್ಕಳನ್ನೆಲ್ಲ ಪರೀಕ್ಷಿಸಿದರು. ಎಲ್ಲರ ಕಿವಿಯೂ ಸರಿಯಿತ್ತು. ಪೆರೀನಾ ಮಂಚದಲ್ಲಿ ಬದಿ ಬದಲಾಯಿಸಿದಳು. "ಈಗ ಇವನಿಗೆ ನಿದ್ದೆ ಇಲ್ಲ," ಎಂದಳು ನನಗೆ. "ನಂಗೇನೋ ಮಾತೇ ಹೊರಡಲ್ಲ ಕಣೇ. ಅಭ್ಯಾಸ ತಪ್ಪಿಹೋಯ್ತು."

ಯಂತ್ರವನ್ನು ಫಾಬಿಯಾನ್ ಬೇಡವೆಂದ. ಡಾಕ್ಟರು ಒತ್ತಾಯಿಸಿದಾಗ, "ಎಡಗಡೆಯಿಂದ ಬರ್ಬೇಕಾಗಿದ್ದ ಮಾತು ಬಂದು ಹೋಯ್ತು. ಇನ್ನು ಬರೋದನ್ನ ಕತ್ತು ತಿರುಗಿಸಿ ಕೇಳ್ತೀನಿ, ಅದನ್ನಾದ್ರೂ ಕಲೀತೀನಿ," ಎಂದ. ಕಲಿತ ಕೂಡ. ಯಾರು ಪಕ್ಕದಲ್ಲಿ ಸುಳಿದರೂ ಈಗ ಮೈಯೆಲ್ಲ ತಿರುಗಿಸಿ, "ಏನಂದ್ರಿ?" ಎನ್ನುತ್ತಾನೆ. ಏನೂ ಅಂದಿಲ್ಲದವರಿಗೂ.

ನವೆಂಬರಿನಲ್ಲಿ ಆಲಿವ್ ಕಾಯಿ ಕೀಳುವ ಹೊತ್ತು. ದೊಬ್ರಿಲಾಗೆ ಗುಡ್ಡದ ಮೇಲೆ ಮೂವತ್ತು ನಲವತ್ತು ಮರ, ಮಗಳು ದೂರದ ಊರಿನಲ್ಲಿ. ಯೆರ್ಕೊ ಹೋದ ಮೇಲೆ ಒಬ್ಬಳೇ ಕೀಳುತ್ತಿದ್ದಳು, ಅರ್ಧ ಕಾಯಿ ಮರದಡಿಯೇ ಉದುರಿಹೋಗುತ್ತಿತ್ತು. ಆ ವರ್ಷ ಒಂದು ಬೆಳಿಗ್ಗೆ ಅವಳು ಮೇಲೆ ಹತ್ತುವಷ್ಟರಲ್ಲಿ ಫಾಬಿಯಾನ್, ಪೆರೀನಾ ಇಬ್ಬರೂ ಮರದ ಕೆಳಗೆ ಬಲೆ ಹಾಸಿ ಕೀಳುತ್ತಿದ್ದರು. ಮಧ್ಯಾಹ್ನ ನಾನೂ ಹೋದೆ. ಹೆಂಗಸರಿಬ್ಬರೂ ಬೇರೆ ಬೇರೆ ಮರದಡಿ ಇದ್ದರು. ಊಟದ ಹೊತ್ತಿಗೆ ಪೆರೀನಾ ಉಪ್ಪು ಹಾಕಿದ ಭೂತಾಯಿಯ ಡಬ್ಬಿ ತೆರೆದು ದೊಬ್ರಿಲಾ ಕಡೆ ತಳ್ಳಿದಳು. ದೊಬ್ರಿಲಾ ಒಂದು ತಿಂದು, "ಉಪ್ಪು ಜಾಸ್ತಿ," ಎಂದಳು. ಪೆರೀನಾ, "ನಿಮ್ಮತ್ತೆ ಕಲಿಸಿದ್ದು," ಎಂದಳು. "ನನಗೊಬ್ಬಳಿಗೇ ಅತ್ತೆಯಾ?" ಎಂದಳು ದೊಬ್ರಿಲಾ, ಇನ್ನೊಂದು ಎತ್ತಿಕೊಂಡಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ. ಕ್ಷಮಿಸಬೇಕಾದವನೂ ಯೆರ್ಕೊ, ಕ್ಷಮೆ ಬೇಡಿದವನೂ ಯೆರ್ಕೊ, ಅವನೇ ಮಣ್ಣಿನಡಿ ಇರುವಾಗ ಇವರು ಯಾರ ಪರವಾಗಿ ಏನು ಹೇಳುವುದು?

ಹೊತ್ತು ಇಳಿಯುವಾಗ ಫಾಬಿಯಾನ್ ಏಣಿಯ ತುದಿಯಲ್ಲಿ ನಿಂತು ಎಟುಕದ ಕೊಂಬೆಗೆ ಕೈ ಚಾಚುತ್ತಿದ್ದ. ಕೆಳಗಿನಿಂದ ದೊಬ್ರಿಲಾ, "ಇಳಿಯೋ ಮಾರಾಯ, ಆ ನಾಲ್ಕು ಕಾಯಿ ಹಕ್ಕಿಗಿರ್ಲಿ!" ಎಂದು ಕೂಗಿದಳು. ಅವನು ಏಣಿಯ ಮೇಲೆ ಅತ್ತ ಇತ್ತ ತಿರುಗಿ, ಯಾರು ಎಲ್ಲಿಂದ ಕರೆದರು ಎಂದು ಹುಡುಕತೊಡಗಿದ. ನಾನು ಕೈ ಬೀಸಿ ತೋರಿಸಲು ಹೊರಟೆ. ದೊಬ್ರಿಲಾ ನನ್ನನ್ನು ತಡೆದಳು. ಏಣಿಯ ಬುಡಕ್ಕೆ ಹೋಗಿ, ಅದನ್ನು ಎರಡೂ ಕೈಯಲ್ಲಿ ಹಿಡಿದು, ಅವನು ಕೆಳಗೆ ನೋಡುವವರೆಗೂ ಕಾದು, ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.